ಚೌಕಕ್ಕೆ ಎಂಟು ಮೀಟರ್

ಪರದೆಯ ಮೇಲೆ ಕಟ್ಟುವ ಊರಿಗೂ ಒಂದು ಅಳತೆಗೋಲಿದೆ. ಒಂದು ಆಟದಲ್ಲಿ ಅದು ದುಡ್ಡು, ಇನ್ನೊಂದರಲ್ಲಿ ಚೌಕ, ಮತ್ತೊಂದರಲ್ಲಿ ಮೀಟರ್. ಆ ಕೋಲು ಎಷ್ಟುದ್ದ ಎಂಬುದರ ಮೇಲೆಯೇ ಅಲ್ಲಿ ಎಂಥ ಊರು ಏಳುತ್ತದೆ ಎಂಬುದು ನಿಂತಿದೆ.

ಬೋಳು ಬಯಲು. ನಡುವೆ ಒಂದು ನದಿ. ಒಂದು ಅಂಚಿನಿಂದ ಒಳಬಂದು ಹಾಗೇ ಹೊರಟುಹೋಗುವ ಹೆದ್ದಾರಿ. 'ಸಿಟೀಸ್: ಸ್ಕೈಲೈನ್ಸ್' ಆಟದಲ್ಲಿ ಹೊಸ ನಕ್ಷೆ ತೆರೆದಾಗ ಕಾಣುವುದು ಇಷ್ಟೇ. ಮೌಸ್ ಒತ್ತಿ ಎಳೆದರೆ ಹೆದ್ದಾರಿಯಿಂದ ಮೊದಲ ರಸ್ತೆ ಕವಲೊಡೆಯುತ್ತದೆ. ರಸ್ತೆಯ ಎರಡೂ ಮಗ್ಗುಲಿಗೆ ತೆಳು ಗೆರೆಯ ಚೌಕಗಳು ಸಾಲುಸಾಲಾಗಿ ಮೂಡುತ್ತವೆ. ಆ ಚೌಕಗಳಲ್ಲಿ ಹಸಿರು ಬಳಿದರೆ ಮನೆ, ನೀಲಿ ಬಳಿದರೆ ಅಂಗಡಿ, ಹಳದಿ ಬಳಿದರೆ ಕಾರ್ಖಾನೆ.

ಊರು ಬೆಳೆದ ಹಾಗೆಲ್ಲ ಪ್ರಶ್ನೆಗಳೂ ಬೆಳೆಯುತ್ತವೆ. ಸೇತುವೆ ಎಷ್ಟುದ್ದ ಬೇಕು? ಎರಡು ರಸ್ತೆಗಳ ನಡುವೆ ಎಷ್ಟು ಜಾಗ ಬಿಟ್ಟರೆ ನೆಲ ವ್ಯರ್ಥವಾಗುವುದಿಲ್ಲ? ಈ ಇಡೀ ನಕ್ಷೆಯಲ್ಲಿ ಬೆಂಗಳೂರು ಹಿಡಿಸೀತೆ? ಆಟ ಬಿಡುಗಡೆಯಾಗಿ ಹತ್ತು ವರ್ಷ ದಾಟಿದ ಮೇಲೂ ಹೊಸ ಆಟಗಾರರು ಕೇಳುವುದು ಇದನ್ನೇ. ಉತ್ತರ ಆ ಚೌಕದೊಳಗೇ ಇದೆ: ಅದರ ಒಂದು ಬದಿ ಸರಿಯಾಗಿ 8 ಮೀಟರ್.

ದೂರವೇ ಇಲ್ಲದ ನಗರ

ಕಂಪ್ಯೂಟರಿನೊಳಗೆ ನಗರ ಕಟ್ಟಿದವರಲ್ಲಿ ಆಟಗಾರರು ಮೊದಲಿಗರಲ್ಲ. 1969ರಲ್ಲಿ ಎಂಐಟಿಯ ಜೇ ಫಾರೆಸ್ಟರ್ 'ಅರ್ಬನ್ ಡೈನಾಮಿಕ್ಸ್' ಎಂಬ ಪುಸ್ತಕದಲ್ಲಿ ನಗರವೊಂದರ ಗಣಿತ ಮಾದರಿಯನ್ನು ಮುಂದಿಟ್ಟರು. ಮನೆ, ಉದ್ಯಮ, ಕೆಲಸ, ತೆರಿಗೆ, ವಲಸೆ ಎಲ್ಲವೂ ಅದರಲ್ಲಿ ಸಮೀಕರಣಗಳಾಗಿದ್ದವು. ನೆಲ ಮಾತ್ರ ಒಂದೇ ಒಂದು ಅಂಕಿಯಾಗಿತ್ತು: ಒಂದು ಲಕ್ಷ ಎಕರೆ. ಯಾವ ಕಾರ್ಖಾನೆ ಯಾವ ಮೂಲೆಯಲ್ಲಿದೆ ಎಂಬ ಮಾತೇ ಅಲ್ಲಿರಲಿಲ್ಲ. ನಕ್ಷೆ ಇಲ್ಲದ ಮೇಲೆ ದೂರವೂ ಇಲ್ಲ.

ಆ ಮಾದರಿಗೆ ನೆಲ ಕೊಟ್ಟವರು ಅಮೆರಿಕದ ವಿಲ್ ರೈಟ್. 1984ರಲ್ಲಿ ಅವರು ಹೆಲಿಕಾಪ್ಟರಿನಿಂದ ದ್ವೀಪಗಳ ಮೇಲೆ ಬಾಂಬು ಹಾಕುವ 'ರೇಡ್ ಆನ್ ಬಂಗಲಿಂಗ್ ಬೇ' ಎಂಬ ಆಟ ಮಾಡಿದ್ದರು. ಬಾಂಬು ಹಾಕುವುದಕ್ಕಿಂತ ದ್ವೀಪಗಳ ನಕ್ಷೆ ಬರೆಯುವ ಉಪಕರಣವೇ ಅವರಿಗೆ ಹೆಚ್ಚು ಹಿಡಿಸಿತು. ಫಾರೆಸ್ಟರ್ ಅವರ ವಿಚಾರಗಳೂ ಆ ಉಪಕರಣವೂ ಕೂಡಿ 1989ರಲ್ಲಿ 'ಸಿಮ್‌ಸಿಟಿ' ಹುಟ್ಟಿತು. ನೆಲ ಚೌಕಗಳಾಗಿ ಒಡೆಯಿತು. ಅಡ್ಡಕ್ಕೆ 120, ಉದ್ದಕ್ಕೆ 100, ಒಟ್ಟು 12,000 ಚೌಕ. ನಗರಕ್ಕೆ 'ಇಲ್ಲಿ' ಮತ್ತು 'ಅಲ್ಲಿ' ಬಂದದ್ದು ಹೀಗೆ.

ದುಡ್ಡೇ ಅಳತೆಗೋಲು

ಮೊದಲ ಸಿಮ್‌ಸಿಟಿಯಲ್ಲಿ ಅಳತೆಪಟ್ಟಿ ಇರಲಿಲ್ಲ. ಆದರೆ ಪ್ರತಿ ಚೌಕಕ್ಕೂ ನಿಗದಿಯಾದ ದರವಿತ್ತು. ಒಂದು ಚೌಕ ರಸ್ತೆಗೆ 10 ಡಾಲರ್, ರೈಲುಹಳಿಗೆ 20, ವಿದ್ಯುತ್ ತಂತಿಗೆ 5. ಹೀಗಾಗಿ ಖರ್ಚು ನೋಡಿ ದೂರ ಹೇಳಬಹುದಿತ್ತು. ಬಯಲಿನಲ್ಲಿ ರಸ್ತೆ ಎಳೆದಾಗ ಖಜಾನೆಯಿಂದ 350 ಡಾಲರ್ ಹೋದರೆ ರಸ್ತೆ 35 ಚೌಕ ಉದ್ದವಿದೆ ಎಂದರ್ಥ. ನಕ್ಷೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೆಲದ ಮೇಲೆ ರಸ್ತೆ ಹಾಕಲು 1,200 ಡಾಲರ್ ಬೇಕು. ನೀರು ಅಡ್ಡ ಬಂದರೆ ಮಾತ್ರ ಈ ಲೆಕ್ಕ ಕೆಡುತ್ತದೆ, ಸೇತುವೆಯ ದರವೇ ಬೇರೆ.

ಆಟದ ಒಳಗೂ ದೂರದ ಲೆಕ್ಕ ನಡೆಯುತ್ತಿತ್ತು. 2008ರಲ್ಲಿ ಸಿಮ್‌ಸಿಟಿಯ ಮೂಲಸಂಕೇತ 'ಮೈಕ್ರೊಪೊಲಿಸ್' ಎಂಬ ಹೆಸರಿನಲ್ಲಿ ಮುಕ್ತವಾದದ್ದರಿಂದ ಆ ಲೆಕ್ಕವನ್ನು ಈಗ ಯಾರು ಬೇಕಾದರೂ ಸಾಲುಸಾಲಾಗಿ ಓದಬಹುದು.

ಮನೆಯಿಂದ ಹೊರಟ ಸವಾರಿ ರಸ್ತೆಯ ಮೇಲೆ ಒಂದೊಂದೇ ಚೌಕ ಮುಂದುವರಿಯುತ್ತದೆ. ತಿರುವು ಸಿಕ್ಕಲ್ಲಿ ಯಾವ ಕಡೆಗೆ ಹೋಗಬೇಕೆಂಬುದು ಯಾದೃಚ್ಛಿಕ. 30 ಹೆಜ್ಜೆಯೊಳಗೆ ಅಂಗಡಿಯೋ ಕಾರ್ಖಾನೆಯೋ ಸಿಗದಿದ್ದರೆ ಸವಾರಿ ವಿಫಲ. ಸವಾರಿಗಳು ಹೀಗೆ ಮತ್ತೆಮತ್ತೆ ವಿಫಲವಾದರೆ ಆ ಬಡಾವಣೆ ಬೆಳೆಯುವುದಿಲ್ಲ. ನಕ್ಷೆಯ ಅಗಲದ ನಾಲ್ಕನೇ ಒಂದು ಭಾಗ, ಅಂದರೆ 30 ಚೌಕ, ಆ ಊರಿನ ಜನರಿಗೆ ದಿನದ ಓಡಾಟದ ಮಿತಿಯಾಗಿತ್ತು.

ನೆಲದ ಬೆಲೆಯ ಲೆಕ್ಕ ಇನ್ನೂ ಸ್ವಾರಸ್ಯಕರ. ಆಟ ಮೊದಲು ಊರಿನ ಎಲ್ಲ ವಲಯಗಳ ಸ್ಥಾನಗಳ ಸರಾಸರಿ ತೆಗೆದು ಅದನ್ನು ನಗರ ಕೇಂದ್ರವೆಂದು ಗುರುತಿಸುತ್ತದೆ. ಅಲ್ಲಿಂದ ಪ್ರತಿ ಜಾಗಕ್ಕೆ ಎಷ್ಟು ದೂರವೆಂದು, ಎರಡೆರಡು ಚೌಕವನ್ನು ಒಂದು ಮಾನವಾಗಿಟ್ಟುಕೊಂಡು, ಅಡ್ಡದೂರಕ್ಕೆ ಉದ್ದದೂರ ಕೂಡಿಸಿ ಎಣಿಸುತ್ತದೆ. ಆ ಅಂತರವನ್ನು 34ರಿಂದ ಕಳೆದು, ಬಂದದ್ದನ್ನು ನಾಲ್ಕರಿಂದ ಗುಣಿಸಿದರೆ ನೆಲದ ಬೆಲೆಯ ಮೊದಲ ಅಂಕಿ ಸಿಗುತ್ತದೆ. ಕೇಂದ್ರದಲ್ಲಿ ಅದು 136. ಅಂತರಕ್ಕೆ 32ರ ಮಿತಿ ಇರುವುದರಿಂದ ಎಷ್ಟೇ ದೂರ ಹೋದರೂ ಅದು 8ಕ್ಕಿಂತ ಕೆಳಗಿಳಿಯದು. ಬಳಿಕ ಮರ, ನೀರು ಹತ್ತಿರವಿದ್ದರೆ ಕೂಡಿಸುವುದು, ಮಾಲಿನ್ಯವಿದ್ದರೆ ಕಳೆಯುವುದು. ಪೇಟೆಗೆ ಹತ್ತಿರವಾದಷ್ಟೂ ಸೈಟಿನ ಬೆಲೆ ಏರುತ್ತದೆ ಎಂಬ ಲೋಕಾನುಭವ ಇಲ್ಲಿ ಒಂದು ಕಳೆಯುವ ಲೆಕ್ಕ, ಒಂದು ಗುಣಾಕಾರದಲ್ಲಿ ಮುಗಿದಿದೆ.

ಮೂವತ್ತು, ನಲವತ್ತು, ಐವತ್ತು

ಅಡ್ಡ ಮತ್ತು ಉದ್ದ ಕೂಡಿಸಿ ಎಣಿಸಿದ ದೂರ, ನೇರ ಗೆರೆ ಎಳೆದ ದೂರ ಎರಡೂ ಒಂದಲ್ಲ. ಕರ್ನಾಟಕದಲ್ಲಿ ಮನೆ ಕಟ್ಟಿಸಿದವರಿಗೆ ಇದು ಹೊಸ ಸಂಗತಿಯೇನಲ್ಲ. 30-40ರ ಸೈಟಿನಲ್ಲಿ ಮೂಲೆಗಳು ನೇರವಾಗಿವೆಯೇ ಎಂದು ನೋಡಲು ಕರ್ಣಕ್ಕೆ ಟೇಪು ಹಿಡಿಯುತ್ತಾರೆ. ಅದು 50 ಅಡಿ ಬರಬೇಕು.

ಇದೇ ಅಂಕಿಗಳನ್ನು ಆಟದ ನಕ್ಷೆಗೆ ಹಾಕಬಹುದು. ಒಂದು ಶಾಲೆ ಮನೆಯಿಂದ ಪೂರ್ವಕ್ಕೆ 30 ಚೌಕ, ಉತ್ತರಕ್ಕೆ 40 ಚೌಕ ದೂರದಲ್ಲಿದೆ ಎನ್ನಿ. ನೇರ ಗೆರೆ ಎಳೆದರೆ 50 ಚೌಕ. ಅಡ್ಡರಸ್ತೆ, ಉದ್ದರಸ್ತೆ ಮಾತ್ರ ಇರುವ ಊರಿನಲ್ಲಿ ಹೋದರೆ 70. 45 ಡಿಗ್ರಿಯ ಓರೆ ರಸ್ತೆಗೂ ಅವಕಾಶವಿದ್ದರೆ ಸುಮಾರು 52. ಒಂದೇ ಮನೆ, ಒಂದೇ ಶಾಲೆ, ಮೂರು ದೂರ.

ಯಾವ ಆಟ ಯಾವುದನ್ನು ಎಣಿಸುತ್ತದೆ ಎಂದು ತಿಳಿಯದೆ ಅಳೆದರೆ ಅಳತೆ ಸರಿಯಿದ್ದರೂ ಉಪಯೋಗಕ್ಕೆ ಬರುವುದಿಲ್ಲ. 2003ರ 'ಸಿಮ್‌ಸಿಟಿ 4'ರಲ್ಲಿ ಶಾಲೆಯ ಸುತ್ತ ಒಂದು ವೃತ್ತ ಕಾಣಿಸುತ್ತದೆ, ಶಾಲಾ ಬಸ್ಸಿಗೆ ಕೊಡುವ ಹಣ ಹೆಚ್ಚಿಸಿದರೆ ವೃತ್ತ ಹಿಗ್ಗುತ್ತದೆ. ಅಲ್ಲಿ ಎಣಿಕೆಗೆ ಬರುವುದು ನೇರ ದೂರ. 1998ರ 'ಸೀಸರ್ 3' ಎಂಬ ರೋಮನ್ ನಗರದ ಆಟದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ವೈದ್ಯ, ಅರ್ಚಕ, ಮಾರುಕಟ್ಟೆಯ ಹೆಂಗಸು ಎಲ್ಲರೂ ಬೀದಿಯಲ್ಲಿ ನಡೆದು ಬರಬೇಕು. ಅವರ ಕಾಲು ಮುಟ್ಟದ ಬೀದಿಯ ಮನೆಗೆ ಆಸ್ಪತ್ರೆ ಹಿಂಬದಿಯಲ್ಲೇ ಇದ್ದರೂ ಪ್ರಯೋಜನವಿಲ್ಲ. ಊರಿನ ನಿಜವಾದ ದೂರವನ್ನು ಹೆಚ್ಚು ಪ್ರಾಮಾಣಿಕವಾಗಿ ಹಿಡಿದದ್ದು ಈ ಎರಡನೆಯ ಬಗೆಯೇ.

ಓರೆನೋಟದ ಮೋಸ

1993ರಲ್ಲಿ ಬಂದ 'ಸಿಮ್‌ಸಿಟಿ 2000' ನಕ್ಷೆಯನ್ನು 128 ಚೌಕಗಳಷ್ಟು ಉದ್ದಗಲಕ್ಕೆ ಹಿಗ್ಗಿಸಿತು, ನೋಟವನ್ನು ಓರೆಯಾಗಿಸಿತು. ಗುಡ್ಡ, ಕಣಿವೆ, ಗಗನಚುಂಬಿಗಳಿಗೆ ಎತ್ತರ ಬಂತು. ಪರದೆಯ ಮೇಲೆ ಅಳೆಯುವುದು ಮಾತ್ರ ಕಷ್ಟವಾಯಿತು.

ಈ ನೋಟದಲ್ಲಿ ಚೌಕ ವಜ್ರದಾಕಾರ ತಾಳುತ್ತದೆ. ಅದರ ಅಗಲ ಎತ್ತರದ ಎರಡರಷ್ಟು: 32 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ. ಚೌಕದ ಎರಡು ಕರ್ಣಗಳು ನೆಲದ ಮೇಲೆ ಒಂದೇ ಉದ್ದ, ಪರದೆಯ ಮೇಲೆ ಒಂದು ಇನ್ನೊಂದರ ಇಮ್ಮಡಿ. ಎಡದಿಂದ ಬಲಕ್ಕೆ ಉದ್ದವಾಗಿ ಕಾಣುವ ಕೆರೆ, ಮೇಲಿಂದ ಕೆಳಕ್ಕೆ ಚಾಚಿದ ಮೋಟು ಕೆರೆ ಎರಡೂ ವಾಸ್ತವದಲ್ಲಿ ಒಂದೇ ಗಾತ್ರದವಾಗಿರಬಹುದು. ಪರದೆಗೆ ಸ್ಕೇಲು ಹಿಡಿಯದೆ ಚೌಕಗಳನ್ನೇ ಎಣಿಸುವುದು ಇಲ್ಲಿ ಸರಿಯಾದ ದಾರಿ.

ಕ್ಯಾಮೆರಾವನ್ನು ಬೇಕಾದ ಹಾಗೆ ತಿರುಗಿಸಬಹುದಾದ ಇಂದಿನ ಆಟಗಳಲ್ಲಿ ತೊಡಕು ಮತ್ತೊಂದು ಬಗೆಯದು. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು. ಚಿತ್ರ ತೆಗೆದು ಅಳೆಯುವವರು ಕ್ಯಾಮೆರಾವನ್ನು ನೆತ್ತಿಯ ಮೇಲಕ್ಕೆ ಒಯ್ದು ನೆಟ್ಟಗೆ ಕೆಳಗೆ ನೋಡಿಸಬೇಕು. ಚಿತ್ರದಲ್ಲಿ ಉದ್ದ ಗೊತ್ತಿರುವ ಒಂದು ರಸ್ತೆಯೂ ಇರಬೇಕು. ಮಿಕ್ಕದ್ದೆಲ್ಲ ಅದರ ಪ್ರಮಾಣದಲ್ಲಿ ಸಿಗುತ್ತದೆ.

ಬಾಕ್ಸ್: ನಕ್ಷೆ ಎಷ್ಟು ದೊಡ್ಡದು?

ಸಿಮ್‌ಸಿಟಿ (1989): 120 × 100 ಚೌಕ. ಚೌಕಕ್ಕೆ ಮೀಟರಿನ ಲೆಕ್ಕ ಪರದೆಯಲ್ಲಿ ಇಲ್ಲ.
ಸಿಮ್‌ಸಿಟಿ 4 (2003): ಚೌಕದ ಬದಿ 16 ಮೀಟರ್. ಸಣ್ಣ ನಗರ ಸುಮಾರು 1 ಕಿ.ಮೀ., ಮಧ್ಯಮ 2 ಕಿ.ಮೀ., ದೊಡ್ಡದು 4 ಕಿ.ಮೀ. ಬದಿಯದು.
ಸಿಮ್‌ಸಿಟಿ (2013): ಸುಮಾರು 2 ಕಿ.ಮೀ. ಬದಿಯ ಒಂದೇ ನಗರ.
ಸಿಟೀಸ್: ಸ್ಕೈಲೈನ್ಸ್ (2015): ಒಂದು ಟೈಲ್ (ನಕ್ಷೆಯ ಒಂದು ತುಂಡು) 1.92 ಕಿ.ಮೀ., ಇಡೀ ನಕ್ಷೆ 17.28 ಕಿ.ಮೀ. ಬದಿ.
ಸಿಟೀಸ್: ಸ್ಕೈಲೈನ್ಸ್ 2 (2023): ನಕ್ಷೆಯ ಬದಿ 14,336 ಮೀಟರ್.

ನೆಲಕ್ಕಾಗಿ ಹಂಬಲ

ಮೀಟರಿನ ಲೆಕ್ಕಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು ಸಿಮ್‌ಸಿಟಿ 4ರಲ್ಲಿ. ಅಲ್ಲಿ ನಗರಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಇಡೀ ಪ್ರಾಂತ್ಯವನ್ನೇ ಕಟ್ಟಬಹುದು. ಪ್ರಾಂತ್ಯದ ಹಂಚಿಕೆಯನ್ನು ಹೇಳುವುದು ಒಂದು ಪುಟ್ಟ ಚಿತ್ರಕಡತ. ಅದರ ಒಂದು ಪಿಕ್ಸೆಲ್ ಒಂದು ಕಿಲೋಮೀಟರಿಗೆ ಸಮ. ಕೆಂಪು ಇದ್ದಲ್ಲಿ ಸಣ್ಣ ನಗರ, ಹಸಿರು ಇದ್ದಲ್ಲಿ ಮಧ್ಯಮ, ನೀಲಿ ಇದ್ದಲ್ಲಿ ದೊಡ್ಡದು.

ಹತ್ತು ವರ್ಷದ ಮೇಲೆ, 2013ರ ಮಾರ್ಚ್‌ನಲ್ಲಿ ಬಂದ ಹೊಸ ಸಿಮ್‌ಸಿಟಿ ನಗರವನ್ನು ಸುಮಾರು 4 ಚದರ ಕಿಲೋಮೀಟರಿಗೆ ಕುಗ್ಗಿಸಿತು. ಹಳೆಯ ಆಟದ ದೊಡ್ಡ ನಗರದ ನಾಲ್ಕನೇ ಒಂದು ಪಾಲು. ಅಭಿಮಾನಿಗಳ ಅಸಮಾಧಾನಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ನಗರದ ಆಟವಾಡುವವರು ಮೊದಲು ಬಯಸುವುದು ನೆಲವನ್ನು ಎಂಬುದು ಆಗ ಸ್ಪಷ್ಟವಾಯಿತು.

ಎರಡು ವರ್ಷದ ಬಳಿಕ, 2015ರ ಮಾರ್ಚ್ 10ರಂದು, ಫಿನ್ಲೆಂಡಿನ ಟಾಂಪೆರೆ ನಗರದ ಕೊಲಾಸಲ್ ಆರ್ಡರ್ ಎಂಬ ಪುಟ್ಟ ತಂಡ ರೂಪಿಸಿದ ಸಿಟೀಸ್: ಸ್ಕೈಲೈನ್ಸ್ ಬಿಡುಗಡೆಯಾಯಿತು. ಅದರಲ್ಲಿ ಆಟ ಶುರುವಾಗುವ ಒಂದೇ ಟೈಲ್ 1.92 ಕಿಲೋಮೀಟರ್ ಬದಿಯದು. ಸಿಮ್‌ಸಿಟಿಯ ಇಡೀ ನಗರ ಇಲ್ಲಿ ಬರೀ ಮೊದಲ ತುಂಡು. ಆಟ ಸಾಗಿದಂತೆ ಇಂಥ ಒಂಬತ್ತು ಟೈಲ್‌ಗಳನ್ನು ಕೊಳ್ಳಬಹುದು: ಒಟ್ಟು 33.18 ಚದರ ಕಿಲೋಮೀಟರ್. ಅಭಿಮಾನಿಗಳು ಬರೆದ ಮಾಡ್‌ಗಳಿಂದ, ಅಂದರೆ ಆಟವನ್ನು ಮಾರ್ಪಡಿಸುವ ಸೇರ್ಪಡೆಗಳಿಂದ, 25 ಟೈಲ್‌ಗಳ 92.16 ಚದರ ಕಿಲೋಮೀಟರ್ ತೆರೆಯಿತು, ಕೊನೆಗೆ ಎಲ್ಲ 81 ಟೈಲ್‌ಗಳ 298.6 ಚದರ ಕಿಲೋಮೀಟರ್ ಕೂಡ.

ಬೆಂಗಳೂರು ಹಿಡಿಸೀತೆ ಎಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮೇಖ್ರಿ ವೃತ್ತದ ಬಳಿ, ಲಾಲ್‌ಬಾಗ್, ಹಲಸೂರು ಕೆರೆ, ಕೆಂಪಾಂಬುಧಿ ಕೆರೆ ಹೀಗೆ ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳೂ 25 ಟೈಲ್‌ಗಳ 9.6 ಕಿಲೋಮೀಟರ್ ಚೌಕದೊಳಗೆ ಸಲೀಸಾಗಿ ಕೂರುತ್ತವೆ. 2007ರಲ್ಲಿ ಸುಮಾರು 700 ಚದರ ಕಿಲೋಮೀಟರ್ ವ್ಯಾಪ್ತಿಯೊಂದಿಗೆ ರಚನೆಯಾದ ಬೃಹತ್ ಬೆಂಗಳೂರು ಮಾತ್ರ 81 ಟೈಲ್ ತೆರೆದರೂ ಅರ್ಧಕ್ಕಿಂತ ಹೆಚ್ಚು ಹೊರಗೇ ಉಳಿಯುತ್ತದೆ.

ಬಾಕ್ಸ್: ಗುಂಟೆ ಲೆಕ್ಕದಲ್ಲಿ

ಒಂದು ಚೌಕ 64 ಚದರ ಮೀಟರ್, ಅಂದರೆ ಸುಮಾರು 689 ಚದರ ಅಡಿ. 30-40ರ ಸೈಟು ಎರಡು ಚೌಕಕ್ಕೂ ಸ್ವಲ್ಪ ಕಡಿಮೆ.
ನಾಲ್ಕು ಚೌಕ ಅಗಲ, ನಾಲ್ಕು ಚೌಕ ಆಳದ ನಿವೇಶನ 1,024 ಚದರ ಮೀಟರ್. ಅದು ಹತ್ತು ಗುಂಟೆ, ಕಾಲೆಕರೆ.
ಒಂದು ಟೈಲ್ ಸುಮಾರು 911 ಎಕರೆ. 240 ಎಕರೆಯ ಲಾಲ್‌ಬಾಗ್ ಮೂರು ಹಿಡಿಸಿಯೂ ಜಾಗ ಮಿಗುತ್ತದೆ.

ಮ್ಯಾನ್‌ಹ್ಯಾಟನ್ ಸರಿ, ಜಯನಗರ ಕಷ್ಟ

ಚೌಕದ ಅಳತೆ ಊರಿನ ರೂಪವನ್ನೇ ತಿದ್ದುವುದು ರಸ್ತೆಗಳ ನಡುವಿನ ಅಂತರದಲ್ಲಿ. ಸಿಟೀಸ್: ಸ್ಕೈಲೈನ್ಸ್‌ನಲ್ಲಿ ರಸ್ತೆಯ ಒಂದು ಮಗ್ಗುಲಿಗೆ ನಾಲ್ಕು ಚೌಕದ ಆಳದವರೆಗೆ, ಅಂದರೆ 32 ಮೀಟರ್‌ವರೆಗೆ ಮಾತ್ರ ಕಟ್ಟಡ ಏಳುತ್ತದೆ. ಸಾಮಾನ್ಯ ಎರಡು ಲೇನಿನ ರಸ್ತೆ ಎರಡು ಚೌಕ, 16 ಮೀಟರ್ ಅಗಲ. ಆರು ಲೇನಿನದು ಅದರ ಇಮ್ಮಡಿ.

ಎರಡು ಸಮಾನಾಂತರ ರಸ್ತೆಗಳ ನಡುವೆ ಒಂದಿಂಚೂ ನೆಲ ವ್ಯರ್ಥವಾಗಬಾರದು ಎಂದರೆ ನಡುವೆ ಎಂಟು ಚೌಕ ಬೇಕು. ಎರಡೂ ಬದಿಯ ಅರ್ಧರ್ಧ ರಸ್ತೆ ಸೇರಿಸಿದರೆ ನಡುಗೆರೆಯಿಂದ ನಡುಗೆರೆಗೆ ಹತ್ತು ಚೌಕ, ಅಂದರೆ 80 ಮೀಟರ್. ಅನುಭವಿ ಆಟಗಾರರ ಬಾಯಲ್ಲಿ ಇದು 'ಹತ್ತು ಯು'. ಒಂದು 'ಯು' ಎಂದರೆ ಒಂದು ಚೌಕದ ಬದಿ.

ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿಗೆ 1811ರಲ್ಲಿ ಹಾಕಿದ ಯೋಜನೆಯಲ್ಲಿ ಬೀದಿಗಳ ನಡುವಿನ ಕಟ್ಟಡಗಳ ಸಾಲು 200 ಅಡಿ, ಬೀದಿ 60 ಅಡಿ ಅಗಲ. ಅಲ್ಲಿನವರು ಇಂದಿಗೂ ಒಂದು ಮೈಲಿಗೆ 20 ಬೀದಿ ಎಂದು ಲೆಕ್ಕ ಹಾಕುತ್ತಾರೆ, ಅಂದರೆ ಬೀದಿಯಿಂದ ಬೀದಿಗೆ ಸುಮಾರು 80.5 ಮೀಟರ್. ಆಟದ ಹತ್ತು ಚೌಕಕ್ಕೆ ಅರ್ಧ ಮೀಟರಿನ ವ್ಯತ್ಯಾಸ. ಆಟದಲ್ಲಿ ಸುಮ್ಮನೆ ಜಾಗ ಉಳಿಸಲು ಹೊರಟವರೂ ತಮಗರಿವಿಲ್ಲದೆ ಮ್ಯಾನ್‌ಹ್ಯಾಟನ್ನಿನ ಅಳತೆಯ ಬೀದಿಗಳನ್ನೇ ಹಾಕುತ್ತಿರುತ್ತಾರೆ.

ಬಾರ್ಸಿಲೋನಾ ಇನ್ನೊಂದು ಒಳ್ಳೆಯ ಉದಾಹರಣೆ. ಇಲ್ಡೆಫಾನ್ಸ್ ಸೆರ್ಡಾ 1859ರಲ್ಲಿ ಯೋಜಿಸಿದ ಎಶಾಂಪ್ಲ ಬಡಾವಣೆಯ ಬ್ಲಾಕುಗಳು 113.3 ಮೀಟರ್ ಬದಿಯವು, ರಸ್ತೆ 20 ಮೀಟರ್. ಅದೇ ಅಳತೆಯ ಬ್ಲಾಕನ್ನು ಆಟದಲ್ಲಿ ಹಾಕಿದರೆ ನಾಲ್ಕೂ ಬದಿಯಿಂದ 32 ಮೀಟರ್ ಆಳಕ್ಕೆ ಕಟ್ಟಡ ತುಂಬಿ, ನಡುವೆ ಸುಮಾರು 49 ಮೀಟರಿನ ಖಾಲಿ ಅಂಗಳ ಉಳಿಯುತ್ತದೆ. ಬ್ಲಾಕಿನ ನಡುವೆ ಗಾಳಿ, ಬೆಳಕು, ಮರಗಳಿಗೆ ಜಾಗವಿರಬೇಕೆಂದು ಸೆರ್ಡಾ ಬಯಸಿದ್ದರು. ಆಟದ ನಿಯಮ ಆ ಅಂಗಳವನ್ನು ಬೇಡದೆಯೇ ಬಿಟ್ಟುಕೊಡುತ್ತದೆ.

ಬೆಂಗಳೂರಿನ ಬಡಾವಣೆಗೆ ಈ ಅದೃಷ್ಟವಿಲ್ಲ. 30-40ರ ಎರಡು ಸೈಟುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ 80 ಅಡಿ, ಜೊತೆಗೆ 30 ಅಡಿಯ ಅಡ್ಡರಸ್ತೆ. ಕ್ರಾಸಿನಿಂದ ಕ್ರಾಸಿಗೆ 110 ಅಡಿ, ಅಂದರೆ 33.5 ಮೀಟರ್. ಆಟದ 80 ಮೀಟರಿನಲ್ಲಿ ಇಂಥ ಎರಡು ಕ್ರಾಸುಗಳು ಬಂದುಹೋಗಬೇಕು. 16 ಮೀಟರ್ ಅಗಲದ ರಸ್ತೆಯನ್ನಿಟ್ಟುಕೊಂಡು ಅದನ್ನು ಅಚ್ಚಿಳಿಸಲು ಹೋದರೆ ಅರ್ಧ ನೆಲ ಡಾಂಬರಿಗೇ ಹೋಗುತ್ತದೆ. ಅಗಲ ಬೀದಿಯ ದೇಶಗಳನ್ನು ಕಣ್ಣೆದುರಿಟ್ಟುಕೊಂಡ ಚೌಕವಿದು. ಜಯನಗರದ ಕ್ರಾಸುಗಳನ್ನೂ ಚಿಕ್ಕಪೇಟೆಯ ಓಣಿಗಳನ್ನೂ ಕಟ್ಟಬಯಸುವವರು ಅಳತೆಯನ್ನು ಹಿಗ್ಗಿಸದೆ ಗತ್ಯಂತರವಿಲ್ಲ.

ಬಾಗಿದ ರಸ್ತೆ, ಏರುವ ರಸ್ತೆ

ನೇರ ರಸ್ತೆಯಲ್ಲಿ ಚೌಕ ಎಣಿಸಿ ಎಂಟರಿಂದ ಗುಣಿಸಿದರೆ ಕೆಲಸ ಮುಗಿಯಿತು. ಎಣಿಸುವ ಶ್ರಮವನ್ನೂ ತಪ್ಪಿಸುವ ಮಾಡ್‌ಗಳಿವೆ. 'ಪ್ರಿಸಿಶನ್ ಎಂಜಿನಿಯರಿಂಗ್' ಎಂಬುದು ರಸ್ತೆ ಎಳೆಯುವಾಗಲೇ ಉದ್ದವನ್ನೂ ಕೋನವನ್ನೂ ಪಕ್ಕದಲ್ಲಿ ತೋರಿಸುತ್ತದೆ.

ತಿರುವಿನಲ್ಲಿ ಲೆಕ್ಕ ಬದಲಾಗುತ್ತದೆ. 80 ಮೀಟರ್ ತ್ರಿಜ್ಯದ ಕಾಲುವೃತ್ತದ ತಿರುವನ್ನು ತೆಗೆದುಕೊಂಡರೆ, ಅದರ ತುದಿಯಿಂದ ತುದಿಗೆ ನೇರ ದೂರ 113 ಮೀಟರ್, ಬಾಗಿದ ರಸ್ತೆಯ ಮೇಲೆ 126, ಮೂಲೆ ಸುತ್ತಿ ಹೋದರೆ 160. ಆಟದ ರಸ್ತೆಗಳು ಪೂರ್ಣ ವೃತ್ತಖಂಡಗಳೂ ಅಲ್ಲ, ಬೆಜಿಯೆ ವಕ್ರರೇಖೆಗಳು. ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯೆರ್ ಬೆಜಿಯೆ ಕಾರಿನ ಮೈಕಟ್ಟು ಬರೆಯಲು ಬಳಕೆಗೆ ತಂದ ಗಣಿತವಿದು. ಇಂಥ ರೇಖೆಯ ಉದ್ದಕ್ಕೆ ಸುಲಭವಾದ ಸೂತ್ರವಿಲ್ಲ. ಅದನ್ನು ಸಣ್ಣ ಸಣ್ಣ ನೇರ ತುಂಡುಗಳಾಗಿ ಕತ್ತರಿಸಿ ಕೂಡಿಸಬೇಕು. ತುಂಡು ಚಿಕ್ಕದಾದಷ್ಟೂ ಉತ್ತರ ನಿಖರ.

ಏರುದಾರಿಯ ಬಗ್ಗೆ ಆಟಗಾರರು ಪಡುವಷ್ಟು ಚಿಂತೆ ಬೇಕಿಲ್ಲ. ನೂರು ಮೀಟರಿಗೆ ಹತ್ತು ಮೀಟರ್ ಏರುವ ಕಡಿದಾದ ರಸ್ತೆಯಲ್ಲೂ ಹೆಚ್ಚುವ ಉದ್ದ ಅರ್ಧ ಮೀಟರ್ ಮಾತ್ರ.

ನಿಜವಾದ ಬೆಟ್ಟ, ನಿಜವಾದ ನದಿ

ಅಳತೆಯ ಕೆಲಸ ನಿಜವಾಗಿ ಗಂಭೀರವಾಗುವುದು ಇರುವ ಊರನ್ನೇ ಆಟಕ್ಕೆ ತರಲು ಹೊರಟಾಗ. ನೆಲದ ಏರಿಳಿತವನ್ನು ಆಟ ಒಂದು ಕಪ್ಪುಬಿಳುಪು ಚಿತ್ರದಿಂದ ಓದಿಕೊಳ್ಳುತ್ತದೆ, ಅದೇ ಹೈಟ್‌ಮ್ಯಾಪ್. ಕಪ್ಪಾದಷ್ಟೂ ತಗ್ಗು, ಬಿಳಿಯಾದಷ್ಟೂ ಎತ್ತರ.

ಸಿಟೀಸ್: ಸ್ಕೈಲೈನ್ಸ್‌ಗೆ ಬೇಕಾದ ಚಿತ್ರ ಸರಿಯಾಗಿ 1,081 ಪಿಕ್ಸೆಲ್ ಉದ್ದಗಲದ್ದು. ಎರಡು ಪಿಕ್ಸೆಲ್‌ಗಳ ನಡುವೆ 16 ಮೀಟರ್. 17.28 ಕಿಲೋಮೀಟರಿಗೆ 1,080 ಸಾಕಲ್ಲವೇ ಎನಿಸಬಹುದು. ಆದರೆ ಹತ್ತು ಅಂಕಣದ ಬೇಲಿಗೆ ಹನ್ನೊಂದು ಕಂಬ ಬೇಕು. 1,080 ಅಂತರಗಳಿಗೆ 1,081 ಎತ್ತರದ ಬಿಂದುಗಳು. ಸಿಮ್‌ಸಿಟಿ 4ರಲ್ಲೂ ಇದೇ ಕಾರಣಕ್ಕೆ 64ರ ಗುಣಕಕ್ಕೆ ಒಂದು ಕೂಡಿಸಬೇಕು. ಈ ಒಂದನ್ನು ಮರೆತು ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿದರೆ ಅಳತೆಗಳೆಲ್ಲ ಕೂದಲೆಳೆಯಷ್ಟು ಜರುಗುತ್ತವೆ.

ಎತ್ತರಕ್ಕೂ ಮಿತಿಯಿದೆ: 1,024 ಮೀಟರ್. 16 ಬಿಟ್‌ನ ಚಿತ್ರದಲ್ಲಿ ಅದು 65,536 ಮೆಟ್ಟಿಲುಗಳಾಗುತ್ತದೆ, ಒಂದು ಮೆಟ್ಟಿಲು ಒಂದೂವರೆ ಸೆಂಟಿಮೀಟರಿಗೆ ತುಸು ಹೆಚ್ಚು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರನ್ನು ಹಾಗೇ ತಂದರೆ ಮಿತಿಯ ತುದಿಗೇ ತಾಗುತ್ತದೆ. 1,900 ಮೀಟರ್ ಮೀರುವ ಮುಳ್ಳಯ್ಯನಗಿರಿಯ ನೆತ್ತಿ ಹಾರಿಯೇ ಹೋಗುತ್ತದೆ. ಪರಿಹಾರ ಸರಳ: ನಕ್ಷೆಯ ಅತಿ ತಗ್ಗಿನ ಜಾಗದ ಎತ್ತರವನ್ನು ಎಲ್ಲ ಕಡೆಯಿಂದ ಕಳೆಯುವುದು. ಊರಿನ ಆಕಾರವನ್ನು ಕೊಡುವುದು ಏರಿಳಿತಗಳ ವ್ಯತ್ಯಾಸವೇ ಹೊರತು ಸಮುದ್ರಮಟ್ಟದಿಂದ ಇರುವ ಎತ್ತರವಲ್ಲ.

ಈ ಎತ್ತರಗಳ ಮಾಹಿತಿಯ ದೊಡ್ಡ ಆಕರ ಬಾಹ್ಯಾಕಾಶದಿಂದ ಬಂದದ್ದು. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರೇಡಾರಿನಿಂದ ನೆಲದ ಎತ್ತರ ಅಳೆಯಿತು. ಅದರ ಬಿಂದುಗಳ ನಡುವಿನ ಅಂತರ ಸುಮಾರು 30 ಮೀಟರ್. ಆಟ ಕೇಳುವುದು 16 ಮೀಟರಿಗೊಂದು ಬಿಂದು. ನಡುವಿನದನ್ನು ಊಹಿಸಿ ತುಂಬಬೇಕು, ಆದ್ದರಿಂದಲೇ ಸಣ್ಣ ತೊರೆ, ರಾಜಕಾಲುವೆ, ಕೆರೆ ಏರಿಗಳು ನಕ್ಷೆಯಲ್ಲಿ ಮಸುಕಾಗುತ್ತವೆ. ಅಂಥವನ್ನು ಕೈಯಿಂದ ತಿದ್ದಬೇಕು. ನೌಕೆ ಅಳೆದದ್ದು ಉತ್ತರಕ್ಕೆ 60 ಡಿಗ್ರಿ ಅಕ್ಷಾಂಶದವರೆಗೆ ಮಾತ್ರ. ಆಟ ಹುಟ್ಟಿದ ಟಾಂಪೆರೆ 61.5 ಡಿಗ್ರಿಯಲ್ಲಿದೆ, ಆ ಅಳತೆಯ ಆಚೆಗೆ.

ಜಾಲತಾಣಗಳ ನಕ್ಷೆಯನ್ನು ಆಧಾರವಾಗಿ ಬಳಸುವವರಿಗೆ ಇನ್ನೊಂದು ಎಚ್ಚರ ಬೇಕು. ಅವು ಮರ್ಕೇಟರ್ ಪ್ರಕ್ಷೇಪದಲ್ಲಿ ಇರುತ್ತವೆ. ಗೋಳವನ್ನು ಚಪ್ಪಟೆ ಮಾಡುವ ಈ ಕ್ರಮದಲ್ಲಿ ಸಮಭಾಜಕ ವೃತ್ತದಿಂದ ದೂರ ಹೋದಷ್ಟೂ ಎಲ್ಲವೂ ಹಿಗ್ಗುತ್ತದೆ. 13 ಡಿಗ್ರಿಯಲ್ಲಿರುವ ಬೆಂಗಳೂರಿನಲ್ಲಿ ಹಿಗ್ಗು 2.6 ಪ್ರತಿಶತ. 17.28 ಕಿಲೋಮೀಟರ್ ಎಂದು ಕತ್ತರಿಸಿದ ತುಂಡು ನೆಲದ ಮೇಲೆ 16.84 ಕಿಲೋಮೀಟರ್ ಮಾತ್ರ. ಟಾಂಪೆರೆಯಲ್ಲಾದರೆ ಹಿಗ್ಗು ಎರಡು ಪಟ್ಟಿಗೂ ಹೆಚ್ಚು, ತಿದ್ದದಿದ್ದರೆ ಊರು ನೆಲದಲ್ಲಿರುವುದಕ್ಕಿಂತ ಇಮ್ಮಡಿ ಉದ್ದಗಲವಾಗುತ್ತದೆ.

ಒಂದೇ ನಕ್ಷೆ, ಹಲವು ಅಳತೆ

ನೆಲದ ಮೀಟರ್ ನಿಜ. ಮೇಲಿನ ಕಟ್ಟಡಗಳ ಮೀಟರ್ ಹಾಗಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣದ ಒಂದೊಂದು ರನ್‌ವೇ ಸುಮಾರು 4 ಕಿಲೋಮೀಟರ್ ಉದ್ದ, ಎರಡು ಟೈಲ್‌ಗಳ ಆಚೆಗೂ ಚಾಚುವಷ್ಟು. ಆಟದ ಮೊದಲ ಆವೃತ್ತಿಯ ವಿಮಾನ ನಿಲ್ದಾಣ ಒಂದೇ ಟೈಲಿನೊಳಗೆ ಆರಾಮವಾಗಿ ಕೂರುತ್ತದೆ. ನಿಜದ ಗಾತ್ರದಲ್ಲಿಟ್ಟರೆ ಊರಿಗೆ ಜಾಗವೇ ಉಳಿಯುತ್ತಿರಲಿಲ್ಲ. ಕುಗ್ಗಿಸಿದ್ದು ಸರಿಯೇ, ಆದರೆ ಕಟ್ಟಡವನ್ನು ಅಳತೆಗೋಲಾಗಿ ಬಳಸಿ ನಕ್ಷೆಯ ದೂರ ಹೇಳಲು ಹೋಗಬಾರದು.

ಬಾಕ್ಸ್: ಅಂಕಿಗಳ ಗಡಿ

ನಕ್ಷೆಗೆ ಅಂಚಿರುವಂತೆ ಜನಸಂಖ್ಯೆಗೂ ಅಂಚಿದೆ. ಸಿಟೀಸ್: ಸ್ಕೈಲೈನ್ಸ್‌ನಲ್ಲಿ ನಾಗರಿಕರ ಮಿತಿ 10,48,576. ಏಕಕಾಲಕ್ಕೆ ಹೊರಗೆ ಓಡಾಡುವವರು ಗರಿಷ್ಠ 65,536. ರಸ್ತೆಯಲ್ಲಿ ಓಡುವ ವಾಹನ 16,384. ಕಟ್ಟಡ 49,152. ನೆಲ ಎಷ್ಟೇ ತೆರೆದರೂ ಈ ಗಡಿಗಳು ಜರುಗುವುದಿಲ್ಲ.

ಕಾಲದ ಅಳತೆ ಇನ್ನೂ ಬೇರೆ. ಈ ಆಟದಲ್ಲಿ ಎರಡು ಗಡಿಯಾರಗಳಿವೆ. ಹಗಲು ರಾತ್ರಿ ತೋರುವುದು ಒಂದು, ತಾರೀಖು ತೋರುವುದು ಇನ್ನೊಂದು. ಒಂದು ಹಗಲು ರಾತ್ರಿ ಕಳೆಯುವಷ್ಟರಲ್ಲಿ ಪಂಚಾಂಗದಲ್ಲಿ ವಾರಗಳೇ ಉರುಳುತ್ತವೆ. ಮನೆಯಿಂದ ಹೊರಟ ಕಾರು ಊರಿನ ಆಚೆ ತುದಿ ಮುಟ್ಟಲು, ತಾರೀಖಿನ ಲೆಕ್ಕದಲ್ಲಿ, ದಿನಗಳೇ ಬೇಕು. ಹೆದ್ದಾರಿಯ ವೇಗಮಿತಿ ಗಂಟೆಗೆ 100 ಕಿಲೋಮೀಟರ್, ಎರಡು ಲೇನಿನ ರಸ್ತೆಯದು 40. ಈ ಅಂಕಿಗಳನ್ನು ಪಂಚಾಂಗದ ಜೊತೆ ಗುಣಿಸಿ ದೂರ ಕಂಡುಹಿಡಿಯಲು ಬಾರದು.

ವೇಗಮಿತಿಯ ಉಪಯೋಗ ಹೋಲಿಕೆಗೆ. ದಾರಿ ಆರಿಸುವಾಗ ಆಟದ ಕಾರು ನೋಡುವುದು ಮುಖ್ಯವಾಗಿ ಉದ್ದವನ್ನು ವೇಗಮಿತಿಯಿಂದ ಭಾಗಿಸಿದ ಅಂಕಿಯನ್ನು. 2 ಕಿಲೋಮೀಟರಿನ ಊರೊಳಗಿನ ರಸ್ತೆಗೂ 5 ಕಿಲೋಮೀಟರಿನ ಹೆದ್ದಾರಿಗೂ ಅದಕ್ಕೆ ತೂಕ ಒಂದೇ, ಎರಡೂ 3 ನಿಮಿಷ. ಹೆದ್ದಾರಿ 4 ಕಿಲೋಮೀಟರ್ ಇದ್ದರೆ ವಾಹನಗಳೆಲ್ಲ ಊರು ಬಳಸಿ ಹೋಗುತ್ತವೆ, 6 ಇದ್ದರೆ ಪೇಟೆಯ ನಡುವೆಯೇ ನುಗ್ಗುತ್ತವೆ. ವರ್ತುಲ ರಸ್ತೆ ಎಳೆಯುವ ಮುನ್ನ ಅದರ ಉದ್ದವನ್ನು ಮೀಟರಿನಲ್ಲಿ ಅಳೆಯಬೇಕಾದದ್ದು ಇದಕ್ಕಾಗಿಯೇ.

2023ರ ಅಕ್ಟೋಬರ್ 24ರಂದು ಬಂದ ಎರಡನೆಯ ಆವೃತ್ತಿಯಲ್ಲಿ ಎಣಿಸುವ ಶ್ರಮ ಬಹುಪಾಲು ಹೋಗಿದೆ. ರಸ್ತೆ ಎಳೆಯುವಾಗಲೇ ಉದ್ದ ಮೀಟರಿನಲ್ಲಿ ಕಾಣುತ್ತದೆ, ಕೋನ ಮತ್ತು ಇಳಿಜಾರು ಕೂಡ. ಎತ್ತರದ ಬಿಂದುಗಳು 16 ಮೀಟರಿನ ಬದಲು ಮೂರೂವರೆ ಮೀಟರಿಗೊಂದು ಬಂದಿವೆ. ಚೌಕ 8 ಮೀಟರಿನಲ್ಲೇ ಉಳಿದಿದೆ, ರಸ್ತೆಯ ಮಗ್ಗುಲಿನ ಆಳ ಮಾತ್ರ ನಾಲ್ಕು ಚೌಕದಿಂದ ಆರಕ್ಕೆ ಏರಿದೆ. ಹಳೆಯ 'ಹತ್ತು ಯು' ಲೆಕ್ಕ ಇಲ್ಲಿ ಹೊಂದುವುದಿಲ್ಲ, ಬೆನ್ನಿಗೆ ಬೆನ್ನು ಕೊಟ್ಟ ನಿವೇಶನಗಳಿಗೇ ಹನ್ನೆರಡು ಚೌಕ ಬೇಕು. ದಾರಿ ಆರಿಸುವ ನಾಗರಿಕರೂ ಬದಲಾಗಿದ್ದಾರೆ: ಸಮಯದ ಜೊತೆಗೆ ಖರ್ಚು, ಆರಾಮ, ತಂತಮ್ಮ ಸ್ವಭಾವ ಎಲ್ಲವನ್ನೂ ತೂಗಿ ಹೊರಡುತ್ತಾರೆ. ಹಣ ಕಡಿಮೆ ಇರುವವರು ದೂರವಾದರೂ ಅಗ್ಗದ ದಾರಿ ಹಿಡಿಯಬಹುದು, ವಯಸ್ಸಾದವರು ಆರಾಮದ ದಾರಿಯನ್ನು.